ಕಿವಿಗೂ ಕಣ್ಣಿಗೂ ಒಂದೇ ತಟ್ಟೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಈ ನಾಲ್ಕು ತಾಲೂಕುಗಳ ಹಾಡು ಬರಿಯ ಕಿವಿಯ ಸೊತ್ತಾಗಿ ಎಂದೂ ಬೆಳೆದುದಲ್ಲ. ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಯ ಸುಮಾರಿಗೆ ಚೌಡಿಕೆಯ ಪದ ಹಾಡುವವರ ಎದುರು ಒಂದು ಗಳಿಗೆ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ: ಒಂದು ಮುಖಕ್ಕೆ ಚರ್ಮ ಬಿಗಿದ ಟೊಳ್ಳು ಮರದ ವಾದ್ಯವನ್ನು ಕಂಕುಳಲ್ಲಿ ಅವುಚಿಕೊಂಡು, ಆ ಚರ್ಮದ ನಡುವಿನಿಂದ ಹೊರಟ ತಂತಿಯ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಡ್ಡಿಯಿಂದ ಮೀಟುತ್ತ, ಎಡಗೈ ಬಿಗಿದಂತೆ ದನಿಯನ್ನೇರಿಸಿ ಸಡಿಲಿಸಿದಂತೆ ಇಳಿಸುವ ಆ ಕೌಶಲವು ಕೇಳುವವನಿಗೆ ಎಷ್ಟು ಸೇರಿದುದೋ ನೋಡುವವನಿಗೂ ಅಷ್ಟೇ ಸೇರಿದುದು. ತಲೆಯ ಮೇಲೆ ಕೊಡ ಹೊತ್ತು, ಕೈ ಬಿಟ್ಟು, ತಾಳಕ್ಕೆ ಸರಿಯಾಗಿ ಕುಣಿಯುವ ಜೋಗತಿಯ ಕಾಲಿನ ಲಯವನ್ನು ಕಣ್ಣಿಲ್ಲದೆ ಯಾರು ತಾನೆ ಗ್ರಹಿಸಿಯಾರು? ಬೈಲಹೊಂಗಲದ ನೆಲದಲ್ಲಿಯೇ ನಡೆಯಿತೆಂದು ಹಿರಿಯರು ಹೇಳುತ್ತ ಬಂದಿರುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿಯೂ ಅದೇ ಮಾತು. ಪಾತ್ರಧಾರಿ ಹಾಡಿ ಬಿಟ್ಟ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು ಮುಗಿಸುವಷ್ಟರಲ್ಲಿ ಅವನು ಹಾಕುವ ಎರಡು ಹೆಜ್ಜೆ, ತಿರುಗಿಸುವ ಒಂದು ಕತ್ತು, ಸಭೆಯ ಕಡೆಗೆ ಬೀರುವ ಒಂದು ನೋಟ, ಇವು ಹಾಡಿನ ಹೊರಗಿನ ಅಲಂಕಾರಗಳಲ್ಲ, ಹಾಡಿನ ಅಂಗಗಳು.

ಯಂತ್ರವು ಈ ಅವಿಭಕ್ತ ಕಲೆಯನ್ನು ಹಿಡಿದಿಡಲು ಬಂದಾಗಲಾದರೋ ಪ್ರತಿಯೊಂದು ಸಲವೂ ಅರ್ಧವನ್ನೇ ಹಿಡಿದು ಅರ್ಧವನ್ನು ಕೈಬಿಟ್ಟಿತು. 1880ರ ದಶಕದಲ್ಲಿ ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿ, ಸಂಗೊಳ್ಳಿ ರಾಯಣ್ಣನ ಬಂಡಾಯದ ಹಾಡನ್ನು ಪಂಡಿತ ಲೋಕದ ಗಮನಕ್ಕೆ ತಂದನಷ್ಟೆ. ಆ ಉಪಕಾರ ದೊಡ್ಡದು. ಆದರೂ ಕಾಗದದ ಮೇಲೆ ಉಳಿದುದು ಮಾತು, ಹಾಡಿದವನ ಕಂಠವೂ ಇಲ್ಲ, ಮುಖವೂ ಇಲ್ಲ. ಮುಂದೆ ಗ್ರಾಮಫೋನು ಬಂದು ಕಂಠವನ್ನು ಉಳಿಸಿಕೊಟ್ಟಿತು. ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ಆ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು, ಆದುದರಿಂದ ಬೆಳ್ಳನೆ ಬೆಳಗಾಗುವವರೆಗೆ ನಡೆಯುವ ಆಟದಿಂದ ಒಂದು ಚೂರನ್ನು ಮಾತ್ರವೇ ಅದು ಕತ್ತರಿಸಿಕೊಳ್ಳಬಲ್ಲುದಾಗಿತ್ತು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ಕಾಲಕ್ರಮದಲ್ಲಿ ನಮ್ಮ ಜಾತ್ರೆಯ ಅಂಗಡಿಗಳನ್ನು ತುಂಬಿದಾಗ ಆ ಕಾಲಮಿತಿ ಸಡಿಲಾಯಿತು, ಒಂದೊಂದು ಬದಿಗೆ ಅರ್ಧ ಗಂಟೆಯ ಪದಗಳು ಬಂದುವು, ಎಲ್ಲವ್ವನ ಹಾಡು ಎತ್ತಿನ ಗಾಡಿ ಇಳಿದು ಟ್ರಾಕ್ಟರನ್ನು ಏರಿತು. ಕಣ್ಣಿನ ಪಾಲು ಮಾತ್ರ ಆಗಲೂ ಬರಲಿಲ್ಲ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ ನೂರು ವರುಷವನ್ನು ಮೀರಿ ಬಾಳಿದ ರಂಗನಟ ಏಣಗಿ ಬಾಳಪ್ಪನವರ ಒಂದು ಜೀವಿತಾವಧಿಯೊಳಗೆ ಅರಗಿನ ತಟ್ಟೆ, ಧ್ವನಿಸುರುಳಿ, ಸಿಡಿ, ಕೊನೆಗೆ ಮೊಬೈಲು ಇವೆಲ್ಲವೂ ಬಂದುವು. ಮಾತು, ಹಾಡು, ಅಭಿನಯ ಮೂರನ್ನೂ ಒಂದೇ ದೇಹದಲ್ಲಿ ಹೊತ್ತಿದ್ದ ಅಂಥ ನಟರ ಪೀಳಿಗೆಯನ್ನು ನೆನೆದಾಗ, ಧ್ವನಿಯನ್ನೂ ಚಿತ್ರವನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಬೇಕೆಂಬ ಪ್ರಯತ್ನವು ಎಲ್ಲೋ ದೂರದ ಎಂಜಿನಿಯರುಗಳ ಚಪಲವಾಗಿ ನನಗೆ ಕಾಣುವುದಿಲ್ಲ. ಅದು ನಮ್ಮ ಸೀಮೆಯ ಕಲೆ ಬಹು ಕಾಲದಿಂದ ಕೇಳುತ್ತಿದ್ದ ವರ.

ಆ ಪ್ರಯತ್ನದ ಮೂಲದಲ್ಲಿರುವುದು ನಾವೆಲ್ಲ ಸಿಡಿ ಎಂದು ಕರೆಯುವ ತಟ್ಟೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿ, 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಿಟ್ಟ ಈ ತಟ್ಟೆಯ ವ್ಯಾಸ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು. ಪಾರದರ್ಶಕವಾದ ಪಾಲಿಕಾರ್ಬೊನೇಟಿನ ಮೇಲ್ಮೈಯಲ್ಲಿ ಒತ್ತಿದ ಸೂಕ್ಷ್ಮವಾದ ಗುಳಿಗಳ ಸಾಲೊಂದು ಒಳಗಿನಿಂದ ಹೊರಕ್ಕೆ ಸುರುಳಿಸುರುಳಿಯಾಗಿ ಸಾಗುತ್ತದೆ. ಆ ಸುರುಳಿಯ ಒಂದು ಸುತ್ತಿಗೂ ಮತ್ತೊಂದು ಸುತ್ತಿಗೂ ನಡುವಣ ಅಂತರ ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 1.6 ಪಾಲು, ಬಿಚ್ಚಿ ನೀಳವಾಗಿ ಹಾಸಿದರೆ ಅದರ ಉದ್ದ 5 ಕಿಲೋಮೀಟರನ್ನು ಮೀರುತ್ತದೆ. ಅದರ ಮೇಲೆ ತೆಳುವಾದ ಅಲ್ಯೂಮಿನಿಯಮ್ಮಿನ ಲೇಪ, ಅದರ ಮೇಲೊಂದು ಅರಗಿನಂಥ ರಕ್ಷೆ, ಅದರ ಮೇಲೆ ದೇವರ ಪಟವೋ ಹಾಡುಗಾರರ ಹೆಸರೋ ಅಚ್ಚಾಗಿರುವ ಮುಖ. ಕೆಳಗಿನಿಂದ ಬಂದ ಲೇಸರು ಕಿರಣ ಗುಳಿಯಿದ್ದಲ್ಲಿ ಒಂದು ಬಗೆಯಾಗಿ, ಗುಳಿಯಿಲ್ಲದಲ್ಲಿ ಇನ್ನೊಂದು ಬಗೆಯಾಗಿ ಪ್ರತಿಫಲಿಸುವುದನ್ನು ಯಂತ್ರ ಓದುತ್ತದೆ. ಸೆಕೆಂಡಿಗೆ 44,100 ಸಲ ಧ್ವನಿಯ ಅಲೆಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಅಂಕಿಗಳಲ್ಲಿ ಬರೆದು, ಎಡಗಿವಿಗೊಂದು ಬಲಗಿವಿಗೊಂದು ಎಂದು ಎರಡು ಧಾರೆಗಳಲ್ಲಿ ಸುರಿಯುವ ಈ ವ್ಯವಸ್ಥೆ ಒಟ್ಟು 74 ನಿಮಿಷದ ಸಂಗೀತವನ್ನು ಹೊತ್ತುಕೊಳ್ಳುತ್ತದೆ. ಆಗಿನ ಕಾಲಕ್ಕೆ ಅದು ಅದ್ಭುತವೆನಿಸಿತು. ಆದರೆ ಇದೂ ಕಿವಿಯ ತಟ್ಟೆಯೇ.

ಕಣ್ಣಿನ ತಟ್ಟೆ ಬೇರೆಯಾಗಿಯೇ ಇತ್ತು. ಅಮೆರಿಕದಲ್ಲಿ 1978ರಲ್ಲಿ ಮಾರಾಟಕ್ಕೆ ಬಂದ ಲೇಸರ್ ಡಿಸ್ಕು 30 ಸೆಂಟಿಮೀಟರು ಅಗಲದ, ಎರಡು ಕೈಯಲ್ಲಿ ಹಿಡಿಯಬೇಕಾದಂಥ ತಟ್ಟೆ. ಈ ಎರಡನ್ನೂ ಒಂದರಲ್ಲಿ ಕೂಡಿಸುವ ಮೊದಲ ಗಂಭೀರ ಸಾಹಸ 1987ರಲ್ಲಿ ಸಿಡಿ ವಿಡಿಯೋ ಎಂಬ ಹೆಸರಿನಿಂದ ಹೊರಬಿದ್ದಿತು. ನೋಡಲು ಮಾಮೂಲು ಸಿಡಿಯಷ್ಟೇ ಗಾತ್ರ. ಬೆಳ್ಳಿಯ ಬಣ್ಣಕ್ಕೆ ಬದಲಾಗಿ ಹೊನ್ನಿನ ಬಣ್ಣ. ಒಳಗಿನ ಭಾಗದಲ್ಲಿ 20 ನಿಮಿಷದವರೆಗಿನ ಹಾಡು, ಅದನ್ನು ಯಾವ ಸಿಡಿ ಪ್ಲೇಯರಾದರೂ ನುಡಿಸಬಲ್ಲುದು. ಹೊರ ಅಂಚಿನ ಭಾಗದಲ್ಲಿ 5 ನಿಮಿಷದಷ್ಟು ಚಿತ್ರ, ಅದನ್ನು ತೋರಿಸಲು ಬೇರೆ ಯಂತ್ರವೇ ಬೇಕು. ಚಿತ್ರಕ್ಕೆ ಹೊರ ಅಂಚನ್ನೇ ಮೀಸಲಿಟ್ಟುದಕ್ಕೆ ಕಾರಣವಿದೆ. ಲೇಸರ್ ಡಿಸ್ಕಿನ ವಿಧಾನದಲ್ಲಿ ಚಿತ್ರವನ್ನು ಓದಬೇಕಾದರೆ ಗುಳಿಗಳ ಸಾಲು ಲೇಸರಿನ ಮುಂದೆ ಅತಿ ವೇಗದಿಂದ ಹಾಯಬೇಕು. ಆ ವೇಗ ಸುತ್ತಳತೆ ಹೆಚ್ಚಿರುವ ಅಂಚಿನಲ್ಲಿ ಮಾತ್ರವೇ ಸಾಧ್ಯ. ಅಲ್ಲಿಯೂ, ಸಂಗೀತದ ಭಾಗದಲ್ಲಿ ನಿಮಿಷಕ್ಕೆ 500 ಸುತ್ತಿನೊಳಗೆ ತಿರುಗುತ್ತಿದ್ದ ತಟ್ಟೆ ಚಿತ್ರದ ಗಡಿ ದಾಟಿದೊಡನೆ 2,000ಕ್ಕೂ ಮಿಗಿಲಾದ ಸುತ್ತಿಗೆ ಏರಬೇಕು. ಇಷ್ಟೆಲ್ಲ ಶ್ರಮದ ಫಲ 5 ನಿಮಿಷ. ಪಾಶ್ಚಾತ್ಯರ ಪಾಪ್ ಗೀತೆಯೊಂದಕ್ಕೆ ಅದು ಸಾಲಬಹುದು. ಗಣಪತಿಯನ್ನು ಸ್ತುತಿಸಿ ಮುಗಿಸುವುದಕ್ಕೂ ನಮ್ಮ ಆಟಗಳಲ್ಲಿ 5 ನಿಮಿಷ ಸಾಲದು. ಹೊನ್ನಿನ ಬಣ್ಣದ ಆ ತಟ್ಟೆ ನಮ್ಮ ಕಡೆಯ ಪೇಟೆಗಳಲ್ಲಿ ಮಾರಾಟಕ್ಕಿದ್ದುದನ್ನು ನಾನು ಕಂಡಿಲ್ಲ. ಅದನ್ನು ಹೊರತಂದ ದೇಶಗಳಲ್ಲಿಯೂ ಅದು ಬಹುಕಾಲ ಬಾಳಲಿಲ್ಲ.

ವರವಾಗಿ ಬಂದುದು ಅದಕ್ಕಿಂತ ಬಹಳ ಸಾಮಾನ್ಯವಾದ, ವಿದ್ವಾಂಸರು ಇಂದಿಗೂ ಆದರದಿಂದ ಹೆಸರೆತ್ತದ ತಟ್ಟೆ: ವಿಸಿಡಿ. ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆವಿಸಿ ಈ ನಾಲ್ಕು ಸಂಸ್ಥೆಗಳು 1993ರಲ್ಲಿ ಅದರ ನಿಯಮಗಳನ್ನು ಗೊತ್ತುಪಡಿಸಿದುವು. ಅದರ ಹಿಂದಿರುವ ವಿಚಾರವನ್ನು ನಾನು ಮೆಚ್ಚುತ್ತೇನೆ. ಸಿಡಿ ವಿಡಿಯೋ ತಟ್ಟೆಯ ನೆಲವನ್ನು ಪಾಲುಮಾಡಿ, ಇಷ್ಟು ಕಿವಿಗೆ, ಇಷ್ಟು ಕಣ್ಣಿಗೆ ಎಂದು ಗಡಿಗೆರೆ ಎಳೆದಿತ್ತು. ವಿಸಿಡಿ ಗಡಿಯನ್ನೇ ಎಳೆಯಲಿಲ್ಲ; ಧ್ವನಿ ಮತ್ತು ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಧಾರೆಯಲ್ಲಿ ಹೆಣೆದು ಬಿಟ್ಟಿತು. ಶುದ್ಧ ಸಂಗೀತದ ಸಿಡಿಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ಟುಗಳಷ್ಟು ಮಾಹಿತಿ ಹರಿದುಬರುತ್ತದೆ. ಅಷ್ಟೂ ಧ್ವನಿಗೇ ಸಲ್ಲುತ್ತಿದ್ದ ಜಾಗದಲ್ಲಿ ವಿಸಿಡಿ ಧ್ವನಿಗೆ 224 ಕಿಲೋಬಿಟ್ಟನ್ನು ಕೊಟ್ಟು, ಉಳಿದುದರಲ್ಲಿ 1,150 ಕಿಲೋಬಿಟ್ಟನ್ನು ಚಿತ್ರಕ್ಕೆ ಬಿಟ್ಟುಕೊಟ್ಟಿತು. ಅಗಲಕ್ಕೆ 352, ಎತ್ತರಕ್ಕೆ 288 ಚುಕ್ಕಿಗಳ ಚಿತ್ರ, ಸೆಕೆಂಡಿಗೆ 25. ಇಂಥ ಚಿತ್ರಧಾರೆಯನ್ನು ಇದ್ದಂತೆಯೇ ಬರೆದರೆ ಸೆಕೆಂಡಿಗೆ 30,000 ಕಿಲೋಬಿಟ್ಟನ್ನು ಮೀರುತ್ತದೆ. ಎಂದರೆ ಇಪ್ಪತ್ತಾರು ಪಾಲಿನ ಸರಕನ್ನು ಒಂದು ಪಾಲಿಗೆ ಇಳಿಸಬೇಕು. ಆ ಕೆಲಸವನ್ನು ಮಾಡಿದ ಗಣಿತವಿಧಾನಕ್ಕೆ ಎಂಪೆಗ್-1 ಎಂದು ಹೆಸರು. ತಟ್ಟೆ ಹಳೆಯದೇ, ಲೇಸರು ಹಳೆಯದೇ, ಒತ್ತುವ ಕಾರ್ಖಾನೆ ಹಳೆಯದೇ. ಹೊಸದಾಗಿ ಸೇರಿದುದು ಲೆಕ್ಕಾಚಾರ ಒಂದೇ. ಆದುದರಿಂದಲೇ ಅದು ಅಗ್ಗವಾಯಿತು, ಅಗ್ಗವಾದುದರಿಂದಲೇ ಬೈಲಹೊಂಗಲದವರೆಗೆ ಬಂದಿತು.

ಈ ಲೆಕ್ಕಾಚಾರಕ್ಕೂ ಯಲ್ಲಮ್ಮನ ಗುಡ್ಡಕ್ಕೂ ಒಂದು ಸ್ವಾರಸ್ಯವಾದ ಸಂಬಂಧ ಉಂಟು. ಎಂಪೆಗ್ ವಿಧಾನವು ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆಯುವುದಿಲ್ಲ. ಚಿತ್ರವನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಗಳಾಗಿ ವಿಂಗಡಿಸಿ, ಹಿಂದಣ ಚಿತ್ರಕ್ಕಿಂತ ಯಾವ ಚೌಕ ಬದಲಾಗಿದೆ, ಯಾವ ಚೌಕ ಯಾವ ಕಡೆಗೆ ಜರುಗಿದೆ ಎಂಬುದನ್ನು ಮಾತ್ರ ಬರೆಯುತ್ತದೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತ ಭಜನೆಯ ಮೇಳ ಅದಕ್ಕೆ ಸುಲಭದ ತುತ್ತು: ಗೋಡೆ ಅಲ್ಲಾಡುವುದಿಲ್ಲ, ಹಾಸಿದ ಜಮಖಾನೆ ಅಲ್ಲಾಡುವುದಿಲ್ಲ, ತುಟಿ ಕೈಗಳಷ್ಟೇ ಅಲ್ಲಾಡುತ್ತವೆ. ಗುಡ್ಡದ ಜಾತ್ರೆಯಲ್ಲಿ ‘ಉಧೋ ಉಧೋ’ ಎಂದು ಭಕ್ತಸ್ತೋಮ ಕೂಗಿ ಭಂಡಾರವನ್ನು ಆಕಾಶಕ್ಕೆ ತೂರಿದ ಕ್ಷಣದಲ್ಲಿಯಾದರೋ ತೆರೆಯ ತುಂಬ ಹಳದಿಯ ಮೋಡ, ಕಣಕಣವೂ ಚಲಿಸುತ್ತದೆ, ಒಂದು ಚೌಕವೂ ಹಿಂದಿನಂತಿಲ್ಲ. ಸೆಕೆಂಡಿಗೆ ಗೊತ್ತುಮಾಡಿದ 1,150 ಕಿಲೋಬಿಟ್ಟಿನ ಪಡಿ ಅಷ್ಟು ಬದಲಾವಣೆಯನ್ನು ಹೊರಲಾರದೆ, ಚಿತ್ರವು ಹಳದಿಯ ಒರಟು ಚೌಕಗಳಾಗಿ ಒಡೆದು, ಭಂಡಾರ ಕೆಳಗಿಳಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಆ ಸೀಳಿಗೆ ಕಾರಣ ಕ್ಯಾಮೆರಾ ಹಿಡಿದವನ ಅಜ್ಞಾನವೆಂದೋ ಸಿಡಿ ಕಳಪೆಯೆಂದೋ ಅನೇಕರು ತಿಳಿದಿದ್ದರು. ಅಲ್ಲ, ದೇವಿಯ ಪರಿಷೆಯ ಸಂಭ್ರಮ ಎಂಪೆಗ್-1ರ ಎಣಿಕೆಯನ್ನು ಮೀರಿದ್ದೇ ಅದಕ್ಕೆ ಕಾರಣ.

ಎರಡು ಸಾವಿರದ ಇಸವಿಯ ಆಚೀಚೆಗೆ ಈ ಊರುಗಳ ಬಸ್ ನಿಲ್ದಾಣದ ಬಳಿಯ ಅಂಗಡಿಗಳಲ್ಲಿ ಕ್ಯಾಸೆಟ್ಟಿನ ಸಾಲಿನ ಪಕ್ಕದಲ್ಲಿ ಸಿಡಿಯ ಸಾಲು ಕಾಣಿಸಿಕೊಂಡಿತು, ನೋಡನೋಡುತ್ತಿದ್ದಂತೆ ಕ್ಯಾಸೆಟ್ಟನ್ನು ಕೆಳಗಿನ ಹಲಗೆಗೆ ತಳ್ಳಿತು. ಎಲ್ಲವ್ವನ ಪದದ ಸಿಡಿ ಕೇಳಿ ಬಂದ ಹೆಣ್ಣುಮಗಳಿಗೆ ಅಂಗಡಿಯವನು ಹಾಕುವ ಪ್ರಶ್ನೆ ಒಂದೇ ಇರುತ್ತಿತ್ತು: “ಯಾವ್ದ ಬೇಕ್ರಿ ಅಕ್ಕಾರ, ಬರೇ ಕೇಳೂದೋ, ನೋಡೂದೋ?” ಬರೇ ಕೇಳುವುದೆಂದರೆ ಎಂಪಿತ್ರೀ. ಧ್ವನಿಯನ್ನು ಕುಗ್ಗಿಸಿ ತುಂಬಿದ 700 ಮೆಗಾಬೈಟಿನ ತಟ್ಟೆಯಲ್ಲಿ ಹನ್ನೆರಡು ಗಂಟೆಯ ಹಾಡು ಹಿಡಿಯುತ್ತಿತ್ತು. ‘ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು’ ಎಂಬಂಥ ಬರೆಹ ಹೊದಿಕೆಯ ಮೇಲೆ ಇರುತ್ತಿದ್ದುದು ಉತ್ಪ್ರೇಕ್ಷೆಯೇನಲ್ಲ. ನೋಡುವುದೆಂದರೆ ವಿಸಿಡಿ. ಹೆಚ್ಚು ಜನ ನೋಡುವುದನ್ನೇ ಒಯ್ದರು. ಮನೆಯಲ್ಲಿದ್ದ ಅಗ್ಗದ ಪ್ಲೇಯರು ಯಾವ ತಟ್ಟೆಗೂ ಭೇದವೆಣಿಸದೆ ಎಲ್ಲವನ್ನೂ ಟ್ರೇಯಲ್ಲಿ ನುಂಗಿಕೊಳ್ಳುತ್ತಿತ್ತು: ಬೆಳಿಗ್ಗೆ ವಚನಗಳ ಸಂಗೀತದ ಸಿಡಿ, ಮಧ್ಯಾಹ್ನ ಎಂಪಿತ್ರೀ, ರಾತ್ರಿ ಊಟವಾದ ಮೇಲೆ ಆಟದ ವಿಸಿಡಿ. ರಿಮೋಟಿನ ಮೇಲೆ ಎಡ ಬಲ ಧ್ವನಿಗಳನ್ನು ಬೇರ್ಪಡಿಸುವ ಗುಂಡಿಯೊಂದಿರುತ್ತಿತ್ತು. ಒಂದು ಧಾರೆಯಲ್ಲಿ ಹಾಡುಗಾರನ ದನಿ, ಇನ್ನೊಂದರಲ್ಲಿ ಬರಿಯ ವಾದ್ಯ ತುಂಬಿದ ತಟ್ಟೆಗಳಲ್ಲಿ ಹಾಡುಗಾರನನ್ನು ಮೌನವಾಗಿಸಿ, ಅವನ ಜಾಗದಲ್ಲಿ ತಾವೇ ಹಾಡುವ ಸೌಲಭ್ಯ ಅದು. ದೊಡ್ಡ ಎಂಜಿನಿಯರುಗಳು ಒಂದೇ ತಟ್ಟೆಯಲ್ಲಿ ಎರಡು ಗುಣಗಳನ್ನು ಕೂಡಿಸಲು ಹೆಣಗುತ್ತಿದ್ದಾಗ, ಒಂದೇ ಯಂತ್ರದಲ್ಲಿ ಮೂರು ಬಗೆಯ ತಟ್ಟೆ ಓಡುವಂತೆ ಮಾಡಿ ಆ ಸಮಸ್ಯೆಯನ್ನು ಅಗ್ಗದ ಪ್ಲೇಯರು ತನ್ನ ರೀತಿಯಲ್ಲಿ ಬಗೆಹರಿಸಿತ್ತು. 2007ರಲ್ಲಿ ಮೋಸರ್ ಬೇಯರ್ ಸಂಸ್ಥೆ ಚಲನಚಿತ್ರದ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ಹೊರಟಾಗ, ಕೂಲಿ ಮಾಡಿ ಬದುಕುವ ಮನೆಗೂ ತಟ್ಟೆ ಕೊಳ್ಳುವುದು ಭಾರವೆನಿಸದ ಸ್ಥಿತಿ ಬಂದಿತು. ಅದೇ ಸಂಸ್ಥೆ 2018ರಲ್ಲಿ ದಿವಾಳಿಯ ಪ್ರಕ್ರಿಯೆಯಲ್ಲಿ ಮುಚ್ಚುವ ಆದೇಶ ಪಡೆಯಿತೆಂಬುದು ಈ ವ್ಯಾಪಾರದ ಆಯುಷ್ಯ ಎಷ್ಟೆಂಬುದನ್ನು ಹೇಳುತ್ತದೆ.

ಸಂಯುಕ್ತ ತಟ್ಟೆಗಳ ಕುಲೀನ ಶಾಖೆಯೊಂದು ಇದೇ ವೇಳೆಗೆ ಹೊರದೇಶಗಳಲ್ಲಿ ಬೆಳೆಯಿತು. ಅದನ್ನು ಹೇಳದಿದ್ದರೆ ಕಥೆ ಅರೆಯಾಗುತ್ತದೆ. 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಸೂಪರ್ ಆಡಿಯೋ ಸಿಡಿಯನ್ನು ಹೊರತಂದುವು. ಅದರ ಹೈಬ್ರಿಡ್ ತಟ್ಟೆಯಲ್ಲಿ ಎರಡು ಪದರಗಳು: ಆಳದಲ್ಲಿ, ಎಂದರೆ ಮೇಲ್ಮೈಯಿಂದ 1.2 ಮಿಲಿಮೀಟರು ದೂರದಲ್ಲಿ, ಎಲ್ಲ ಪ್ಲೇಯರುಗಳೂ ಓದುವ ಸಾಮಾನ್ಯ ಸಿಡಿಯ ಪದರ. ಅದಕ್ಕೂ ಈಚೆ, 0.6 ಮಿಲಿಮೀಟರಿನಲ್ಲಿ, 4.7 ಗಿಗಾಬೈಟು ಹಿಡಿಯುವ ಉನ್ನತ ಸಂಗೀತದ ಪದರ. ಹಳೆಯ ಪ್ಲೇಯರಿನ 780 ನ್ಯಾನೋಮೀಟರಿನ ಕಿರಣಕ್ಕೆ ಈಚಿನ ಪದರ ಪಾರದರ್ಶಕವಾಗಿ ನಿಂತು ದಾರಿ ಬಿಡುತ್ತದೆ. ಹೊಸ ಪ್ಲೇಯರಿನ 650 ನ್ಯಾನೋಮೀಟರಿನ ಕಿರಣವನ್ನು ಅದೇ ಪದರ ಕನ್ನಡಿಯಾಗಿ ಹಿಂದಕ್ಕೆ ಕಳುಹುತ್ತದೆ. ಬೆಳಕಿನ ಬಣ್ಣವೊಂದರ ಭೇದದಿಂದ ಹಳಬನಿಗೆ ಹಳೆಯದು, ಹೊಸಬನಿಗೆ ಹೊಸದು ದೊರಕುವಂತೆ ಮಾಡಿದ ಈ ಉಪಾಯಕ್ಕಿಂತ ಸುಂದರವಾದುದನ್ನು ತಟ್ಟೆಗಳ ಚರಿತ್ರೆಯಲ್ಲಿ ನಾನು ಕಾಣೆ. 2005ರಲ್ಲಿ ವ್ಯಾಪಕವಾಗಿ ಮಾರಾಟಕ್ಕೆ ಬಂದ ಡ್ಯುಯಲ್ ಡಿಸ್ಕಿನ ವಿಷಯದಲ್ಲಿ ಆ ಮಾತನ್ನು ಹೇಳಲಾರೆ. ಅದು ಒಂದು ಮುಖ ಸಿಡಿ, ಇನ್ನೊಂದು ಮುಖ ಡಿವಿಡಿ ಎಂದು ಬೆನ್ನಿಗೆ ಬೆನ್ನು ಅಂಟಿಸಿದ ತಟ್ಟೆ. ಒಟ್ಟು ದಪ್ಪ ಸುಮಾರು 1.5 ಮಿಲಿಮೀಟರಾಗಿ ಕೆಲವು ಪ್ಲೇಯರುಗಳಲ್ಲಿ ಸಿಕ್ಕಿಕೊಳ್ಳುವ ಅಪಾಯ. ಸಿಡಿಯ ಪದರವೋ 1.2 ಮಿಲಿಮೀಟರಿಗೆ ಬದಲು 0.9ರಲ್ಲಿ ಕುಳಿತು, ಸಿಡಿಯ ಮೂಲ ನಿಯಮಕ್ಕೇ ಹೊರತಾಯಿತು. ಆದುದರಿಂದ ಅದರ ಮೇಲೆ ಸಿಡಿಯ ಅಧಿಕೃತ ಚಿಹ್ನೆಯನ್ನು ಹಾಕಲು ಫಿಲಿಪ್ಸ್ ಒಪ್ಪಲಿಲ್ಲ. ಎರಡನ್ನು ಅಂಟಿಸಿದ ಮಾತ್ರಕ್ಕೆ ಎರಡೂ ಕೂಡುವುದಿಲ್ಲವಷ್ಟೆ.

ಧ್ವನಿಯ ಪರಿಶುದ್ಧಿಯನ್ನು ಒರೆಗೆ ಹಚ್ಚಿದರೆ ಸೂಪರ್ ಆಡಿಯೋ ಸಿಡಿಯ ಮುಂದೆ ವಿಸಿಡಿ ನಿಲ್ಲಲಾರದು, ಚಿತ್ರದ ಸ್ಪಷ್ಟತೆಯಲ್ಲಿ ಡಿವಿಡಿಯ ಮುಂದೆ ನಿಲ್ಲಲಾರದು, ಇದನ್ನು ಒಪ್ಪುತ್ತೇನೆ. ಆದರೆ ಯಾವ ತಟ್ಟೆ ಯಾರ ಮುಖವನ್ನು ಉಳಿಸಿತು ಎಂಬ ಪ್ರಶ್ನೆ ಬಂದಾಗ ನನ್ನ ತೀರ್ಪು ನಿಸ್ಸಂದೇಹವಾಗಿ ವಿಸಿಡಿಯ ಕಡೆಗೆ. ದೊಡ್ಡ ಗವಾಯಿಗಳನ್ನು ಆಕಾಶವಾಣಿ ಉಳಿಸಿಕೊಂಡಿತು, ದೊಡ್ಡ ಧ್ವನಿಮುದ್ರಣ ಸಂಸ್ಥೆಗಳು ಉಳಿಸಿಕೊಂಡವು. ಮುರಗೋಡದ ಆಚೆಯ ಒಂದು ಹಳ್ಳಿಯ ಭಜನೆಯ ಮೇಳದವರನ್ನು, ಗೊಡಚಿಯ ವೀರಭದ್ರದೇವರ ಜಾತ್ರೆಯಲ್ಲಿ ಒಡಪು ಹೇಳುವ ಪುರವಂತರನ್ನು, ದಪ್ಪಿನ ಪೆಟ್ಟಿಗೆ ‘ಗೀಯ ಗೀಯ’ ಎಂದು ದನಿಗೂಡಿಸುವ ಗೀಗೀ ಮೇಳದ ಹೆಣ್ಣುಮಕ್ಕಳನ್ನು, ಪ್ರತಿ ವರುಷ ಅಕ್ಟೋಬರ್ 23ರಿಂದ ಕಿತ್ತೂರಿನಲ್ಲಿ ನಡೆಯುವ ಉತ್ಸವದ ವೇದಿಕೆಗೆ ಒಂದು ಸಲ ಹತ್ತಿ ಇಳಿದ ಡೊಳ್ಳಿನವರನ್ನು ಯಾರು ಉಳಿಸಿದರು? ಮದುವೆಯ ಶೂಟಿಂಗಿಗೆಂದು ಸಾಲ ಮಾಡಿ ಕ್ಯಾಮೆರಾ ಕೊಂಡಿದ್ದ ಊರ ಫೋಟೋ ಸ್ಟುಡಿಯೋದವನು. ಅವನು ಹಿಡಿದು, ಕಂಪ್ಯೂಟರಿನಲ್ಲಿ ಕೂಡಿಸಿ, ಖಾಲಿ ಸಿಡಿಗೆ ರೈಟ್ ಮಾಡಿ, ಮೇಲೆ ಮಾರ್ಕರ್ ಪೆನ್ನಿನಿಂದ ಊರ ಹೆಸರು ಬರೆದು ಕೊಟ್ಟ ತಟ್ಟೆಗಳೇ ಈ ಸೀಮೆಯ ಎರಡು ದಶಕಗಳ ದೃಶ್ಯಚರಿತ್ರೆ. ಇಡೀ ರಾತ್ರಿಯ ಸಣ್ಣಾಟವನ್ನು 74 ನಿಮಿಷಕ್ಕೊಂದರಂತೆ ತಟ್ಟೆಗಳಿಗೆ ಹಂಚಿದಾಗ ಹಾಡಿನ ನಡುವೆಯೇ ಒಂದು ತಟ್ಟೆ ಮುಗಿದುಹೋದೀತು. ಬೆಳಕು ಸಾಲದೆ ಮುಖ ಕಪ್ಪಾದೀತು. ಆದರೂ ಅಲ್ಲಿ ಪಾತ್ರಧಾರಿಯ ಹೆಜ್ಜೆಯುಂಟು, ಹಿಮ್ಮೇಳದವನ ಕೈಸನ್ನೆಯುಂಟು, ಮುಂದಿನ ಸಾಲಿನಲ್ಲಿ ಕುಳಿತ ಅಜ್ಜನ ತಲೆದೂಗುವಿಕೆಯುಂಟು. ಫ್ಲೀಟನ ಲಾವಣಿ ಸಂಗ್ರಹಕ್ಕೆ ದೊರೆಯದಿದ್ದ ಸಂಪತ್ತು ಇದು.

ಈ ಸಂಪತ್ತು ಈಗ ಕರಗುತ್ತಿದೆ. ಎಂದೇ ನಾನು ಈ ಲೇಖನಕ್ಕೆ ಕೈಹಾಕಿದ್ದು. ಕಾರ್ಖಾನೆಯಲ್ಲಿ ಒತ್ತಿದ ಸಿಡಿಯಲ್ಲಿ ಗುಳಿಗಳು ನಿಜವಾದ ಗುಳಿಗಳು. ಊರಿನಲ್ಲಿ ರೈಟ್ ಮಾಡಿದ ಸಿಡಿಯಲ್ಲಾದರೋ ಗುಳಿಗಳೇ ಇಲ್ಲ, ಬಣ್ಣದ ತೆಳುಪದರವೊಂದನ್ನು ಲೇಸರಿನಿಂದ ಅಲ್ಲಲ್ಲಿ ಸುಟ್ಟು ಮಾಡಿದ ಕಲೆಗಳಿವೆ. ಬಿಸಿಲು, ಸೆಕೆ, ತೇವಗಳಿಗೆ ಆ ಬಣ್ಣ ಮಾಸುತ್ತದೆ. ಮಾಸಿದಂತೆ ಕಲೆಗೂ ಹಿನ್ನೆಲೆಗೂ ಇರುವ ಭೇದ ಅಳಿಯುತ್ತದೆ. ಹೊಳೆಯುವ ಕೆಳಮುಖವನ್ನು ಜನ ಜೋಪಾನ ಮಾಡುತ್ತಾರೆ, ಬರೆಹವಿರುವ ಮೇಲ್ಮುಖವನ್ನು ಅಲಕ್ಷಿಸುತ್ತಾರೆ; ಅಪಾಯ ಹೆಚ್ಚಾಗಿರುವುದು ಮೇಲೆಯೇ. ಕೆಳಗಡೆ ಮಾಹಿತಿಗೆ 1.2 ಮಿಲಿಮೀಟರಿನ ಪ್ಲಾಸ್ಟಿಕ್ಕಿನ ರಕ್ಷಣೆಯುಂಟು, ಮೇಲ್ಗಡೆ ಇರುವುದು ಕೂದಲಿಗಿಂತ ತೆಳುವಾದ ಲೇಪ ಮಾತ್ರ. ಅಂಟಿಸಿದ ಚೀಟಿಯನ್ನು ಕಿತ್ತರೆ ಲೋಹದ ಪದರ ಅದರೊಡನೆಯೇ ಎದ್ದುಬರಬಹುದು, ಬಂದ ಮೇಲೆ ಯಾವ ಯಂತ್ರವೂ ಅದನ್ನು ಓದಲಾರದು. ಕೆಳಗಿನ ಗೀರುಗಳ ವಿಷಯ ಬೇರೆ. ಸಿಡಿಯಲ್ಲಿ ಮಾಹಿತಿಯನ್ನು ಇದ್ದ ಕ್ರಮದಲ್ಲಿಯೇ ಬರೆಯದೆ, ಪಸರಿಸಿ, ನಡುನಡುವೆ ತಾಳೆ ನೋಡುವ ಅಂಕಿಗಳನ್ನು ಸೇರಿಸಿ ಬರೆದಿರುತ್ತಾರಾದುದರಿಂದ, ರಾಮದುರ್ಗದ ನೇಕಾರನ ಬಟ್ಟೆಯಲ್ಲಿ ಒಂದೆರಡು ಎಳೆ ಕಡಿದರೂ ಅಡ್ಡ ಎಳೆಗಳು ಅರಿವೆಯನ್ನು ಹಿಡಿದಿಡುವಂತೆ, ಸುಮಾರು 2.5 ಮಿಲಿಮೀಟರಿನವರೆಗಿನ ಗಾಯವನ್ನು ತಟ್ಟೆ ತಾನೇ ತುಂಬಿಕೊಳ್ಳುತ್ತದೆ. ಆದರೆ ವಿಸಿಡಿಯವರು ಚಿತ್ರಕ್ಕೆ ಜಾಗ ಸಾಲದೆಂದು, ಕಂಪ್ಯೂಟರಿನ ಸಿಡಿಗಿರುವ ಹೆಚ್ಚಿನ ಒಂದು ಸುತ್ತಿನ ರಕ್ಷಣೆಯನ್ನು ಬಿಟ್ಟುಕೊಟ್ಟರು. 2,048 ಬೈಟು ತುಂಬುವೆಡೆಯಲ್ಲಿ 2,324 ಬೈಟು ತುಂಬಿದರು. 74 ನಿಮಿಷ ದಕ್ಕಿದ್ದು ಆ ತ್ಯಾಗದಿಂದ. ಹಳೆಯ ವಿಸಿಡಿ ಬೇಗ ತಡವರಿಸುವುದೂ ಆ ತ್ಯಾಗದಿಂದಲೇ.

ಓದುಗರು ಈಗ ಮಾಡತಕ್ಕದ್ದೇನು? ಟ್ರಂಕಿನಲ್ಲಿ, ದೇವರ ಜಗಲಿಯ ಕೆಳಗೆ, ಟಿವಿ ಸ್ಟ್ಯಾಂಡಿನ ಹಿಂದೆ ಇರುವ ತಟ್ಟೆಗಳನ್ನು ಹೊರಗೆ ತೆಗೆಯಿರಿ. ಮೆತ್ತನೆಯ ಅರಿವೆಯಿಂದ ಒರೆಸುವಾಗ ಸುತ್ತಲಾಗಿ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿರಿ. ಸುತ್ತಲಾಗಿ ಒರೆಸಿದ ಗೀರು ಸುರುಳಿಯ ಗುಂಟ ಹರಿದು ಬಹಳ ಮಾಹಿತಿಯನ್ನು ಕೆಡಿಸುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವಿರುವುದಿಲ್ಲ. ಯುಎಸ್‌ಬಿ ಮೂಲಕ ಜೋಡಿಸುವ ಡಿವಿಡಿ ಡ್ರೈವು ಸಾಕು, ಒಂದು ಓಣಿಗೆ ಒಂದಿದ್ದರೂ ನಡೆದೀತು. ವಿಸಿಡಿಯನ್ನು ತೆರೆದಾಗ ‘ಎಂಪೆಗ್‌ಎವಿ’ ಎಂಬ ಫೋಲ್ಡರಿನಲ್ಲಿ ‘ಎವಿಸೀಕ್ವೆನ್ಸ್’ ಎಂಬುದರ ಸಂಕ್ಷೇಪವನ್ನು ಹೆಸರಾಗಿ ಹೊತ್ತ, ‘ಡ್ಯಾಟ್’ ಎಂದು ಕೊನೆಗೊಳ್ಳುವ ದೊಡ್ಡ ಫೈಲು ಕಾಣುತ್ತದೆ. ಧ್ವನಿ, ಚಿತ್ರ ಎರಡೂ ಅದರಲ್ಲಿಯೇ ಇವೆ. ಅದನ್ನು ಹಾಗೆಯೇ ನಕಲು ಮಾಡಿರಿ, ಮತ್ತೊಂದು ರೂಪಕ್ಕೆ ಬದಲಿಸುವ ಆತುರ ಬೇಡ, ಬದಲಿಸಿದಷ್ಟು ಸಲವೂ ಚಿತ್ರ ಸವೆಯುತ್ತದೆ. ಸಂಗೀತದ ಸಿಡಿಯಲ್ಲಿ ಎಚ್ಚರ ಬೇಕು. ಅಲ್ಲಿ ಒಂದೊಂದು ಹಾಡಿಗೆ ಒಂದೊಂದು ‘ಸಿಡಿಎ’ ಫೈಲು ಕಂಡು, ಅವನ್ನು ಎಳೆದು ಹಾಕಿಕೊಂಡು ಹಾಡು ಉಳಿಯಿತೆಂದು ಎಷ್ಟೋ ಜನ ನೆಮ್ಮದಿಯಾಗಿದ್ದಾರೆ. ಆ ಫೈಲಿನ ಗಾತ್ರ 44 ಬೈಟು, ಅದರಲ್ಲಿರುವುದು ಹಾಡು ಎಲ್ಲಿದೆಯೆಂಬ ಸೂಚನೆ ಮಾತ್ರ, ಹಾಡಲ್ಲ. ಸಿಡಿಯಿಂದ ಹಾಡನ್ನು ರಿಪ್ ಮಾಡುವ ತಂತ್ರಾಂಶದಿಂದಲೇ ಅದನ್ನು ತೆಗೆಯಬೇಕು.

ನಕಲಿನ ಜೊತೆಗೆ ಒಂದು ಹಾಳೆಯಲ್ಲಿ ಹಾಡಿದವರ ಹೆಸರು, ಊರು, ವರುಷ, ಜಾತ್ರೆಯೋ ಮದುವೆಯೋ ಎಂಬ ಸಂದರ್ಭ, ಕ್ಯಾಮೆರಾ ಹಿಡಿದವರ ಹೆಸರು ಇವನ್ನು ಬರೆದಿಡಿರಿ. ಇವುಗಳನ್ನು ಬಲ್ಲ ಹಿರಿಯರು ಇರುವಾಗಲೇ ಬರೆದಿಡಿರಿ. ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿ ಇಡಿರಿ. ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಬಾಗಲಕೋಟೆಯ ಬಯಲಾಟ ಅಕಾಡೆಮಿ, ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಇವು ಮನಸ್ಸು ಮಾಡಿ, ತಾಲೂಕಿಗೊಂದು ಶಿಬಿರ ಹೂಡಿ, ಹಾಡುಗಾರರ ಒಪ್ಪಿಗೆ ಪಡೆದು, ಫೋಟೋ ಸ್ಟುಡಿಯೋಗಳ ಹಳೆಯ ಹಾರ್ಡ್‌ಡಿಸ್ಕುಗಳನ್ನೂ ಸೇರಿಸಿ ಈ ಕೆಲಸವನ್ನು ಕೈಗೆತ್ತಿಕೊಂಡರೆ ಅದು ಪಿಎಚ್‌ಡಿ ಪ್ರಬಂಧಗಳಿಗಿಂತ ಕಡಮೆಯ ಸೇವೆಯಾಗದು. ಅವು ಬರುವವರೆಗೆ ಕಾಯಬೇಡಿರಿ. ಹಳೆಯ ತಟ್ಟೆಗಳನ್ನು ಓದಬಲ್ಲ ಡ್ರೈವುಗಳು ಇಂದು ಪೇಟೆಯಲ್ಲಿ ದೊರೆಯುತ್ತವೆ, ಇನ್ನು ಕೆಲವು ವರುಷಗಳಲ್ಲಿ ಅವನ್ನು ಹುಡುಕಬೇಕಾದೀತು. ಈ ಬನದ ಹುಣ್ಣಿಮೆಗೆ ಮೊದಲೇ ನಿಮ್ಮ ಮನೆಯ ಸಿಡಿಗಳನ್ನು ನಕಲು ಮಾಡಿಸಿರಿ.